ಎಲ್ಲರ ಸಹಿ ಇಲ್ಲದ ಪಾಲುಪಟ್ಟಿ

ಎಸ್ಸೆಸ್ಸೆಲ್ಸಿ ಫಲಿತಾಂಶದ ಮರುದಿನ ಪೇಪರ್‌ನಲ್ಲಿ ಬರುವ ಜಿಲ್ಲಾವಾರು ಪಟ್ಟಿ ನೆನಪಿದೆಯಾ? ಅದರಲ್ಲಿ ತುಮಕೂರಿಗೆ ಒಂದು ಸಾಲು, ಮಧುಗಿರಿಗೆ ಇನ್ನೊಂದು ಸಾಲು ಇರುತ್ತದೆ. ಬೆಳಗಾವಿ ಬೇರೆ, ಚಿಕ್ಕೋಡಿ ಬೇರೆ. ಕಂದಾಯದ ಲೆಕ್ಕದಲ್ಲಿ ಮಧುಗಿರಿ ಒಂದು ತಾಲ್ಲೂಕು. ಶಾಲೆಯ ಲೆಕ್ಕದಲ್ಲಿ ಮಾತ್ರ ಅದು ಜಿಲ್ಲೆ. ನಮ್ಮಪ್ಪ ಕೊರಟಗೆರೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಮೇಷ್ಟ್ರಾಗಿದ್ದವರು. ಹಾಗಾಗಿ 2012ರಲ್ಲಿ ನಾನು ಫೋನಿನಲ್ಲಿ, "ಇಲ್ಲಿ ಆರು ಊರುಗಳು ತಮ್ಮದೇ ಸ್ಕೂಲ್ ಡಿಸ್ಟ್ರಿಕ್ಟ್ ಮಾಡ್ಕೊಳ್ತಿದಾವಂತೆ ಅಪ್ಪ" ಅಂದಾಗ ಅವರಿಗೆ ಮೊದಲು ಹೊಳೆದದ್ದು ಮಧುಗಿರಿ.

"ನಮ್ಮ ಮಧುಗಿರಿ ಥರಾನೇನಮ್ಮ? ಡಿಡಿಪಿಐ ಆಫೀಸು ಹತ್ತಿರ ಆಗುತ್ತೆ. ಒಳ್ಳೇದೇ ಅಲ್ವಾ?"

ಹೌದು ಅಂದೆ. ಆಗ ನನಗೂ ಅಷ್ಟೇ ಗೊತ್ತಿದ್ದದ್ದು.

ನಾವಿರುವುದು ಅಮೆರಿಕದ ಟೆನೆಸ್ಸಿ ರಾಜ್ಯದಲ್ಲಿ, ಮೆಂಫಿಸ್ ನಗರದ ಪಕ್ಕದಲ್ಲಿ. ಮೆಂಫಿಸ್ ಇರುವ ಕೌಂಟಿಯ (ನಮ್ಮ ಕಂದಾಯ ಜಿಲ್ಲೆಯ ಥರದ್ದು ಅನ್ನಿ) ಹೆಸರು ಶೆಲ್ಬಿ. ಫೆಡೆಕ್ಸ್‌ನ ತವರು ಇದು. ಆ ಕಂಪನಿಯ ಕಂಪ್ಯೂಟರ್ ಕೆಲಸ, ಅದರ ಸುತ್ತಮುತ್ತಲಿನ ಕಾಂಟ್ರಾಕ್ಟ್ ಕೆಲಸ ಅಂತ ಸಾಕಷ್ಟು ಭಾರತೀಯರು ಇಲ್ಲಿಗೆ ಬಂದಿದ್ದಾರೆ, ಕನ್ನಡದವರೂ ಇದ್ದಾರೆ. ಶನಿವಾರ ಈಡ್ಸ್‌ನ ದೇವಸ್ಥಾನಕ್ಕೆ ಹೋದರೆ ಎಲ್ಲಾದರೂ ಒಂದು ಕಡೆ ಕನ್ನಡ ಕಿವಿಗೆ ಬೀಳುತ್ತದೆ. ನನ್ನ ಗಂಡನಿಗೂ ಅಂಥದ್ದೇ ಕೆಲಸ. 2009ರಲ್ಲಿ ಬಂದಾಗ ಮಗಳಿಗೆ ಮೂರು ವರ್ಷ. ನನ್ನದು ಅವಲಂಬಿತರ ವೀಸಾ. ಆ ವೀಸಾದವರಿಗೆ ಕೆಲಸದ ಪರವಾನಗಿ ಕೊಡೋಕೆ ಶುರುವಾದದ್ದೇ 2015ರಲ್ಲಿ, ಅದೂ ಎಲ್ಲರಿಗೂ ಅಲ್ಲ. ಹಾಗಾಗಿ ಮಗಳು ಶಾಲೆ ಸೇರಿದ ಮೇಲೆ ನಾನೂ ಅವಳ ಜೊತೆ ಶಾಲೆಗೇ ಹೋದೆ ಅನ್ನಬೇಕು. ಲೈಬ್ರರಿಯಲ್ಲಿ ಪುಸ್ತಕ ಜೋಡಿಸುತ್ತಿದ್ದೆ. ಊಟದ ಹೊತ್ತಿಗೆ ಪುಟ್ಟ ಮಕ್ಕಳ ಹಾಲಿನ ಪೊಟ್ಟಣ ಬಿಚ್ಚಿ ಕೊಡುತ್ತಿದ್ದೆ. ಈ ದೇಶವನ್ನು ನಾನು ಕಲಿತದ್ದು ಆ ಊಟದ ಕೋಣೆಯಲ್ಲಿ.

ಅಪ್ಪನಿಗೆ ಅರ್ಥ ಮಾಡಿಸಲು ನಾನು ಮೊದಲು ಅರ್ಥ ಮಾಡಿಕೊಳ್ಳಬೇಕಾಯಿತು. ನಮ್ಮಲ್ಲಿ ಶೈಕ್ಷಣಿಕ ಜಿಲ್ಲೆ ಅಂದರೆ ಆಡಳಿತದ ಅನುಕೂಲ. ಮಧುಗಿರಿ ಮೇಷ್ಟ್ರ ಸಂಬಳ ಮಧುಗಿರಿ ಜನರ ಮನೆ ಕಂದಾಯದಿಂದ ಬರುವುದಿಲ್ಲ. ಬೆಂಗಳೂರಿನಿಂದ, ರಾಜ್ಯದ ಖಜಾನೆಯಿಂದ ಬರುತ್ತದೆ. ಪಾವಗಡದ ಮೇಷ್ಟ್ರಿಗೂ ತುಮಕೂರಿನ ಮೇಷ್ಟ್ರಿಗೂ ಒಂದೇ ವೇತನ ಶ್ರೇಣಿ. ಇಲ್ಲಿ ಹಾಗಲ್ಲ. ಸ್ಕೂಲ್ ಡಿಸ್ಟ್ರಿಕ್ಟ್ ಅಂದರೆ ಒಂದು ಚಿಕ್ಕ ಸರ್ಕಾರ. ಜನ ಓಟು ಹಾಕಿ ಆರಿಸಿದ ಮಂಡಳಿ ಇರುತ್ತದೆ. ಸೂಪರಿಂಟೆಂಡೆಂಟ್‌ನನ್ನು ಅದೇ ನೇಮಿಸುತ್ತದೆ. ಮೇಷ್ಟ್ರುಗಳ ನೇಮಕ, ಸಂಬಳ, ಬಸ್ಸು, ಕಟ್ಟಡ ಎಲ್ಲವೂ ಅದರದ್ದೇ. ಹಣದಲ್ಲಿ ರಾಜ್ಯದ ಪಾಲು ಇದೆ, ಆದರೆ ದೊಡ್ಡ ಭಾಗ ಆ ಜಾಗದ ಆಸ್ತಿ ತೆರಿಗೆ, ಮಾರಾಟ ತೆರಿಗೆಯಿಂದ ಬರುತ್ತದೆ. ಅಂದರೆ ಡಿಸ್ಟ್ರಿಕ್ಟ್‌ನ ಗಡಿ ಎಳೆಯುವುದು ಹಣದ ಗಡಿ ಎಳೆದ ಹಾಗೆ. ಯಾವ ಮಗು ಯಾವ ಶಾಲೆಗೆ ಹೋಗಬಹುದು ಅನ್ನುವ ಗಡಿಯೂ ಅದೇ.

ಇದನ್ನು ಕೇಳಿ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಂಗಾದ್ರೆ ಇದು ಮನೆ ಪಾಲಾಗೋದು ಕಣಮ್ಮ" ಅಂದರು. ಆಮೇಲೆ ಹತ್ತು ವರ್ಷ ನಾನು ಇದರ ಬಗ್ಗೆ ಎಷ್ಟೋ ಓದಿದೆ. ಅಪ್ಪ ಹೇಳಿದ್ದಕ್ಕಿಂತ ಸರಿಯಾದ ಮಾತು ನನಗೆ ಸಿಕ್ಕಿಲ್ಲ.

ಪಾಲಾಗುವ ಮೊದಲು ಇಲ್ಲಿ ಒಂದು ವಿಚಿತ್ರ ನಡೆಯಿತು. ಮನೆ ಒಂದಾಯಿತು.

ಆ ಮೊದಲು ಶೆಲ್ಬಿ ಕೌಂಟಿಯಲ್ಲಿ ಎರಡು ಡಿಸ್ಟ್ರಿಕ್ಟ್ ಇದ್ದವು. ಮೆಂಫಿಸ್ ನಗರದ್ದು ಒಂದು, ಅದರಲ್ಲಿ ಲಕ್ಷಕ್ಕೂ ಹೆಚ್ಚು ಮಕ್ಕಳು. ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಕಪ್ಪು ಮಕ್ಕಳು, ಬಹುಪಾಲು ಬಡವರು. ನಗರದ ಹೊರಗಿನ ಭಾಗಕ್ಕೆ ಕೌಂಟಿಯ ಡಿಸ್ಟ್ರಿಕ್ಟ್, ಅದರಲ್ಲಿ 47 ಸಾವಿರದಷ್ಟು ಮಕ್ಕಳು. ಕೌಂಟಿ ಮಂಡಳಿಯವರಿಗೆ ತಮ್ಮದು 'ವಿಶೇಷ ಡಿಸ್ಟ್ರಿಕ್ಟ್' ಆಗಬೇಕು, ಗಡಿ ಶಾಶ್ವತವಾಗಬೇಕು ಅಂತ ಬಹಳ ದಿನದ ಆಸೆ. ಅಂಥ ಹೊಸ ಡಿಸ್ಟ್ರಿಕ್ಟ್‌ಗಳಿಗೆ ಟೆನೆಸ್ಸಿಯ ಕಾನೂನು ಅಡ್ಡವಿತ್ತು. 2010ರ ನವೆಂಬರ್ ಚುನಾವಣೆಯಲ್ಲಿ ರಾಜ್ಯದ ರಾಜಕೀಯ ಬದಲಾಯಿತು. ಆ ಅಡ್ಡಿ ಇನ್ನು ಹೋಗಬಹುದು ಅನ್ನುವ ಮಾತು ಬಂತು. ಕೌಂಟಿಯ ಹಣ ಕೈತಪ್ಪಿದರೆ ನಮ್ಮ ಮಕ್ಕಳ ಗತಿ ಏನು ಅಂತ ಮೆಂಫಿಸ್ ಮಂಡಳಿಗೆ ಭಯವಾಯಿತು.

ಮಾರ್ಟೇವಿಯಸ್ ಜೋನ್ಸ್, ಟೊಮೀಕಾ ಹಾರ್ಟ್ ಅನ್ನುವ ಇಬ್ಬರು ಸದಸ್ಯರು ಒಂದು ದಾರಿ ಹೇಳಿದರು. ಮೆಂಫಿಸ್ ತನ್ನ ಡಿಸ್ಟ್ರಿಕ್ಟ್‌ನ ಸನ್ನದನ್ನೇ ವಾಪಸ್ ಕೊಟ್ಟುಬಿಡಬೇಕು. ಆಗ ಅದರ ಎಲ್ಲ ಮಕ್ಕಳ ಹೊಣೆ ಕಾನೂನಿನ ಪ್ರಕಾರ ಕೌಂಟಿಗೆ ಬೀಳುತ್ತದೆ. ಬೇರೆ ಹೋಗೋಕೆ ಹೊರಟಿರುವ ಅಣ್ಣನ ಮನೆಗೆ ತಮ್ಮ ತನ್ನ ಮನೆ ಬೀಗ ಹಾಕಿ ಮಕ್ಕಳ ಸಮೇತ ಬಂದು ಕೂತ ಹಾಗೆ. 2010ರ ಡಿಸೆಂಬರ್ 20ರ ರಾತ್ರಿ ಮಂಡಳಿ 5-4 ಮತಗಳಿಂದ ಇದನ್ನು ಒಪ್ಪಿತು. 2011ರ ಮಾರ್ಚ್ 8ರಂದು ಮೆಂಫಿಸ್ ಜನರ ಮುಂದೆ ಬಂತು. ಮೂರರಲ್ಲಿ ಎರಡು ಪಾಲು ಜನ ಸೈ ಅಂದರು.

ಇಲ್ಲಿ ಒಂದು ವಿಷಯ ಗಮನಿಸಿ. ಆ ಓಟು ಮೆಂಫಿಸ್‌ನವರಿಗೆ ಮಾತ್ರ ಇತ್ತು. ಹೊರಗಿನ ಊರುಗಳ ಶಾಲೆಗಳ ಭವಿಷ್ಯವೂ ಅವತ್ತೇ ತೀರ್ಮಾನವಾಯಿತು, ಆದರೆ ಆ ಊರಿನವರನ್ನು ಯಾರೂ ಕೇಳಲಿಲ್ಲ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಇದನ್ನು ಬಿಟ್ಟು ಮುಂದಿನ ಕಥೆ ಹೇಳಿದರೆ ಅನ್ಯಾಯವಾಗುತ್ತದೆ.

ಮೆಂಫಿಸ್ ಓಟು ಹಾಕುವ ಮೊದಲೇ ರಾಜ್ಯದ ಶಾಸನಸಭೆ ಒಂದು ಕಾನೂನು ಮಾಡಿಟ್ಟಿತ್ತು. ಅದನ್ನು ತಂದವರಲ್ಲಿ ಒಬ್ಬರು ಕಾಲಿಯರ್‌ವಿಲ್ ಊರಿನ ಸೆನೆಟರ್ ಮಾರ್ಕ್ ನಾರಿಸ್. ಸೇರ್ಪಡೆಗೆ ಸುಮಾರು ಎರಡೂವರೆ ವರ್ಷ ತಗೊಳ್ಳಿ, ಯೋಜನೆ ಮಾಡಿ ಅಂತ ಆ ಕಾನೂನು ಹೇಳಿತು. ಅದರ ಬಾಲದಲ್ಲಿ ಇನ್ನೊಂದು ಮಾತಿತ್ತು. ಸೇರಿದ ಮೇಲೆ ಶೆಲ್ಬಿ ಕೌಂಟಿಯಲ್ಲಿ ಹೊಸ ಡಿಸ್ಟ್ರಿಕ್ಟ್‌ಗಳ ಮೇಲಿನ ನಿಷೇಧ ಇರುವುದಿಲ್ಲ. ಒಂದಾಗುವ ಕಾನೂನಿನಲ್ಲೇ ಒಡೆಯುವ ಬಾಗಿಲೂ ಇತ್ತು.

ಆರು ಊರುಗಳು ಆ ಬಾಗಿಲ ಕಡೆ ನಡೆದವು. ಆರ್ಲಿಂಗ್ಟನ್, ಬಾರ್ಟ್‌ಲೆಟ್, ಕಾಲಿಯರ್‌ವಿಲ್, ಜರ್ಮನ್‌ಟೌನ್, ಲೇಕ್‌ಲ್ಯಾಂಡ್, ಮಿಲಿಂಗ್ಟನ್. 2012ರ ಬೇಸಿಗೆಯಲ್ಲಿ ಮನೆ ಮನೆಯ ಮುಂದಿನ ಹುಲ್ಲಿನಲ್ಲಿ ಪುಟ್ಟ ಫಲಕಗಳು ಎದ್ದವು. 'ನಮ್ಮ ಊರು, ನಮ್ಮ ಶಾಲೆ' ಅನ್ನುವ ಅರ್ಥದ ಮಾತುಗಳು. ಆಗಸ್ಟ್ 2ರಂದು ಆರೂ ಊರುಗಳ ಜನ ಓಟು ಹಾಕಿ ಹೌದು ಅಂದರು. ನವೆಂಬರ್‌ನಲ್ಲಿ ಫೆಡರಲ್ ನ್ಯಾಯಾಧೀಶ ಹಾರ್ಡಿ ಮೇಸ್ ಅದನ್ನು ರದ್ದು ಮಾಡಿದರು. ಒಂದೇ ಕೌಂಟಿಗೆ ಅಂತ ಕಾನೂನು ಮಾಡುವುದು ರಾಜ್ಯದ ಸಂವಿಧಾನಕ್ಕೆ ವಿರುದ್ಧ ಅನ್ನುವುದು ಅವರ ತೀರ್ಪು. ಶಾಸನಸಭೆ ಮುಂದಿನ ವರ್ಷ ಅದೇ ಕಾನೂನನ್ನು ಇಡೀ ರಾಜ್ಯಕ್ಕೆ ಅನ್ವಯಿಸಿ ಮತ್ತೆ ಮಾಡಿತು. 2013ರ ಜುಲೈ 16ರಂದು ಆರು ಊರುಗಳು ಮತ್ತೆ ಓಟು ಹಾಕಿದವು. ಮತ್ತೆ ಆರೂ ಕಡೆ ಭಾರಿ ಬಹುಮತ. ಈ ಓಟಿನಲ್ಲಿ ಮೆಂಫಿಸ್‌ನವರನ್ನು ಯಾರೂ ಕೇಳಲಿಲ್ಲ.

ನಾವಿದ್ದದ್ದು ಮೆಂಫಿಸ್‌ಗೂ ಸೇರದ, ಆರು ಊರುಗಳಲ್ಲಿ ಯಾವುದಕ್ಕೂ ಸೇರದ ಜಾಗ. ಇಲ್ಲಿ ಅಂಥ ಜಾಗ ಬೇಕಾದಷ್ಟಿದೆ. ನಮ್ಮ ಪಂಚಾಯ್ತಿಯಂಥದ್ದೂ ಅಲ್ಲಿ ಇಲ್ಲ, ನೇರವಾಗಿ ಕೌಂಟಿ. ನಾನು ಹೇಗೂ ಓಟಿಲ್ಲದವಳು. ಆದರೆ ಈ ನೆಲದಲ್ಲೇ ಹುಟ್ಟಿದ ನಮ್ಮ ಪಕ್ಕದ ಮನೆಯ ಅಜ್ಜಿಗೂ ಎರಡೂ ಸಲ ಓಟಿರಲಿಲ್ಲ. ಸೇರುವಾಗ ಮೆಂಫಿಸ್‌ನವರು ಹೇಳಿದರು, ಬಿಡುವಾಗ ಊರುಗಳವರು ಹೇಳಿದರು. ಮಧ್ಯದಲ್ಲಿದ್ದವರ ಮಕ್ಕಳು ಎರಡೂ ಸಲ ಬೇರೆಯವರ ತೀರ್ಮಾನದಲ್ಲಿ ಹೋದರು.

ಆ ಅಜ್ಜಿಯ ಮೊಮ್ಮಗಳು ನನ್ನ ಮಗಳ ಕ್ಲಾಸು. ಇಬ್ಬರೂ ಒಂದೇ ಬಸ್ ಸ್ಟಾಪಿನಲ್ಲಿ ಹಳದಿ ಬಸ್ಸಿಗೆ ಕಾಯುತ್ತಿದ್ದರು. ನಾವಿಬ್ಬರು ಹಿರಿಯರು ಕಾಫಿ ಲೋಟ ಹಿಡಿದು ಜೊತೆಗೆ ನಿಲ್ಲುತ್ತಿದ್ದೆವು. ಅವರು ಕಪ್ಪು ಜನಾಂಗದವರು, ಮೆಂಫಿಸ್‌ನಲ್ಲೇ ಬೆಳೆದವರು. ಬಸ್ಸು ಹೊರಟ ಮೇಲೂ ಹತ್ತು ನಿಮಿಷ ಮಾತಾಡುತ್ತಾ ನಿಲ್ಲುತ್ತಿದ್ದೆವು. ಮೆಂಫಿಸ್‌ನ ಹಿಂದಿನ ಕಥೆ ನನಗೆ ಗೊತ್ತಾದದ್ದು ಆ ಬೆಳಗುಗಳಲ್ಲಿ.

1961ರ ಅಕ್ಟೋಬರ್ 3ರಂದು ಹದಿಮೂರು ಕಪ್ಪು ಮಕ್ಕಳು, ಎಲ್ಲರೂ ಒಂದನೇ ಕ್ಲಾಸಿನವರು, ನಾಲ್ಕು ಬಿಳಿಯರ ಶಾಲೆಗಳಿಗೆ ಹೆಜ್ಜೆ ಇಟ್ಟರು. ಐದಾರು ವರ್ಷದ ಮಕ್ಕಳು. ಬೇರ್ಪಡಿಸಿದ ಶಾಲೆ ಸಂವಿಧಾನಕ್ಕೆ ವಿರುದ್ಧ ಅಂತ ಸುಪ್ರೀಂ ಕೋರ್ಟು 1954ರಲ್ಲೇ ಹೇಳಿ ಏಳು ವರ್ಷವಾಗಿತ್ತು. ಆದರೂ ಮೆಂಫಿಸ್ ಅವತ್ತು ಒಳಗೆ ಬಿಟ್ಟದ್ದು ಆ ಹದಿಮೂರು ಮಕ್ಕಳನ್ನು ಮಾತ್ರ. ಹತ್ತು ವರ್ಷ ಕಳೆದರೂ ಶಾಲೆಗಳು ಹೆಚ್ಚು ಬೆರೆಯಲಿಲ್ಲ. ಕೊನೆಗೆ ಕೋರ್ಟು ಬಸ್ಸಿನ ಆದೇಶ ಕೊಟ್ಟಿತು. ಕಪ್ಪು ಬಡಾವಣೆಯ ಮಕ್ಕಳು ಬಿಳಿಯರ ಬಡಾವಣೆಗೆ, ಅಲ್ಲಿಯವರು ಇಲ್ಲಿಗೆ. 1972ರಲ್ಲಿ ಫ್ರೇಸರ್ ಬಡಾವಣೆಯಲ್ಲಿ ವಿರೋಧಿಗಳು ಒಂದು ಬಸ್ಸನ್ನು ಗುಂಡಿ ತೋಡಿ ಹೂತರು. ನಿಜವಾದ ಬಸ್ಸು. 1973ರಲ್ಲಿ ದೊಡ್ಡ ಯೋಜನೆ ಜಾರಿಯಾಯಿತು. ಕೆಲವೇ ವರ್ಷಗಳಲ್ಲಿ ಹತ್ತಾರು ಸಾವಿರ ಬಿಳಿಯ ಮಕ್ಕಳು ನಗರದ ಸರ್ಕಾರಿ ಶಾಲೆ ಬಿಟ್ಟರು. ಚರ್ಚುಗಳು ಶಾಲೆ ತೆರೆದವು. ಮನೆಗಳು ಪೂರ್ವಕ್ಕೆ, ನಗರದ ಗಡಿಯಾಚೆಗೆ ಸರಿದವು.

ಅಜ್ಜಿ ಆಗ ಹನ್ನೆರಡರ ಹುಡುಗಿ. ಬೆಳಗ್ಗೆ ಕತ್ತಲಲ್ಲೇ ಬಸ್ಸು ಹತ್ತಿ ಊರಿನ ಇನ್ನೊಂದು ತುದಿಗೆ ಹೋಗುತ್ತಿದ್ದರಂತೆ. ಮೊದಲ ವರ್ಷ ಕ್ಲಾಸಿನಲ್ಲಿ ಅರ್ಧ ಬಿಳಿಯ ಮಕ್ಕಳು ಇದ್ದರಂತೆ. ಎರಡನೇ ವರ್ಷ ಲೆಕ್ಕ ಹಾಕಬಹುದಾದಷ್ಟು. "ಅವರು ಹೋದರು ಅಂತ ನನಗೆ ಬೇಜಾರಾಗಲಿಲ್ಲ. ಅವರ ಜೊತೆ ಬ್ಯಾಂಡಿನ ಮೇಷ್ಟ್ರೂ ಹೋದರು, ಅದಕ್ಕೆ ಬೇಜಾರಾಯಿತು" ಅಂದಿದ್ದರು. ಅವರಿಗೆ ಕ್ಲಾರಿನೆಟ್ ಅಂದರೆ ಪ್ರಾಣವಾಗಿತ್ತಂತೆ.

ಇದರ ಜೊತೆ 1974ರ ಇನ್ನೊಂದು ತೀರ್ಪು ಸೇರಿಸಿ ಓದಬೇಕು. ಡೆಟ್ರಾಯಿಟ್ ನಗರದ ಮೊಕದ್ದಮೆ. ಹೊರವಲಯದ ಡಿಸ್ಟ್ರಿಕ್ಟ್‌ಗಳ ತಪ್ಪು ಸಾಬೀತಾಗದ ಹೊರತು, ಗಡಿ ದಾಟಿ ಮಕ್ಕಳನ್ನು ಬೆರೆಸಿ ಅಂತ ಅವುಗಳನ್ನು ಕೋರ್ಟು ಒತ್ತಾಯಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟು 5-4ರಲ್ಲಿ ಹೇಳಿತು. ಅವತ್ತಿನಿಂದ ಈ ದೇಶದಲ್ಲಿ ಸ್ಕೂಲ್ ಡಿಸ್ಟ್ರಿಕ್ಟ್‌ನ ಗಡಿಗೆ ಕೋಟೆ ಗೋಡೆಯ ಬಲ ಬಂತು. ಒಂದು ಊರು ತನ್ನದೇ ಡಿಸ್ಟ್ರಿಕ್ಟ್ ಬೇಕು ಅಂದಾಗ ಎಲ್ಲರೂ ಬಣ್ಣವನ್ನೇ ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ ಅಂತ ನಾನು ಹೇಳುವುದಿಲ್ಲ. ನನ್ನ ಪರಿಚಯದ ಎಷ್ಟೋ ತಂದೆ ತಾಯಂದಿರಿಗೆ ಬೇಕಿದ್ದದ್ದು ಫೋನ್ ಎತ್ತುವ ಸೂಪರಿಂಟೆಂಡೆಂಟ್, ಗುರುತಿನ ಮುಖಗಳಿರುವ ಮಂಡಳಿ. ಒಂದೂವರೆ ಲಕ್ಷದ ಹತ್ತಿರ ಮಕ್ಕಳಿರುವ ಡಿಸ್ಟ್ರಿಕ್ಟ್‌ನಲ್ಲಿ ತಮ್ಮ ಮಾತು ಕಳೆದುಹೋಗುತ್ತದೆ ಅನ್ನುವ ಭಯ ಸುಳ್ಳಲ್ಲ. ಆದರೆ ಗೋಡೆ ಕಟ್ಟುವವರ ಮನಸ್ಸು ಏನೇ ಇರಲಿ, ಗೋಡೆಯ ಆಚೆ ನಿಂತವರಿಗೆ ಗೋಡೆಯೇ ಕಾಣುವುದು.

2013ರ ಜುಲೈ 1ರಂದು ಎರಡು ಡಿಸ್ಟ್ರಿಕ್ಟ್‌ಗಳು ಒಂದಾದವು. ಅಮೆರಿಕದ ಇತಿಹಾಸದಲ್ಲೇ ಅತಿ ದೊಡ್ಡ ಶಾಲಾ ವಿಲೀನ ಅಂತ ಆಗ ಪತ್ರಿಕೆಗಳು ಬರೆದವು. ಮಗಳಿಗೆ ಎರಡನೇ ಕ್ಲಾಸು. ಶಾಲೆಯಲ್ಲಿ ಏನು ಬದಲಾಯಿತು ಅಂತ ಕೇಳಿದರೆ ಹೆಚ್ಚೇನೂ ಇಲ್ಲ. ಲೆಟರ್‌ಹೆಡ್ ಬದಲಾಯಿತು, ಊಟದ ಮೆನು ಸ್ವಲ್ಪ ಬದಲಾಯಿತು. ಮಕ್ಕಳು ಅದೇ ಬಸ್ಸಿನಲ್ಲಿ ಹೋಗಿ ಬಂದರು. ಒಂದು ಇಡೀ ವರ್ಷ, ಮೆಂಫಿಸ್‌ನ ಬಡ ಬಡಾವಣೆಯ ಮಗು ಮತ್ತು ಜರ್ಮನ್‌ಟೌನ್‌ನ ಕುದುರೆ ಸಾಕುವ ಮನೆಯ ಮಗು ಕಾನೂನಿನ ಕಣ್ಣಲ್ಲಿ ಒಂದೇ ಡಿಸ್ಟ್ರಿಕ್ಟ್‌ನ ಮಕ್ಕಳಾಗಿದ್ದರು. ನನಗೆ ಆ ವರ್ಷ ಈಗಲೂ ಕಾಡುತ್ತದೆ. ಯಾರೂ ಅದನ್ನು ಒಂದು ಪ್ರಯೋಗ ಅಂತ ನೋಡಲೇ ಇಲ್ಲ. ದೊಡ್ಡವರೆಲ್ಲ ಆ ವರ್ಷ ಪಾಲುಪಟ್ಟಿ ಬರೆಯುವುದರಲ್ಲಿ ಮುಳುಗಿದ್ದರು. ಸಂಸಾರ ಹೇಗೆ ನಡೆಯುತ್ತದೆ ಅಂತ ನೋಡುವ ಮೊದಲೇ ಪಾತ್ರೆ ಎಣಿಸುವುದು ಮುಗಿದಿತ್ತು.

ನಮ್ಮ ತಾತನ ಆಸ್ತಿ ಪಾಲಾದಾಗ ನನಗೆ ಹತ್ತು ವರ್ಷ. ಪಡಸಾಲೆಯಲ್ಲಿ ಪಂಚಾಯ್ತಿದಾರರು ಕೂತಿದ್ದರು. ಅಪ್ಪ, ದೊಡ್ಡಪ್ಪ, ಚಿಕ್ಕಪ್ಪ ಮೂವರೂ ಗೋಡೆಗೆ ಒರಗಿದ್ದರು. ಹೊಲ ಮೂರು ಭಾಗ, ಮನೆ ಮೂರು ಭಾಗ. ಬಾವಿಗೆ ಬಂದಾಗ ಮಾತು ನಿಂತಿತು. ಬಾವಿ ಚಿಕ್ಕಪ್ಪನ ಪಾಲಿನ ಜಮೀನಿನಲ್ಲಿತ್ತು. ಅದನ್ನು ಒಬ್ಬರಿಗೇ ಬಿಟ್ಟರೆ ಉಳಿದ ಇಬ್ಬರ ತೆಂಗು ಒಣಗುತ್ತದೆ. ಕೊನೆಗೆ ಬಾವಿ ಮೂವರದ್ದು, ನೀರಿಗೆ ಎರಡೆರಡು ದಿನದ ಸರದಿ, ಮೋಟಾರು ಕೆಟ್ಟರೆ ಖರ್ಚು ಮೂವರದ್ದು ಅಂತ ಬರೆದರು. ಮೂವರೂ ಸಹಿ ಹಾಕಿದರು. ಅತ್ತೆಯಂದಿರ ಸಹಿಯೂ ಬೇಕಿತ್ತು, ಅವರನ್ನೂ ಕರೆಸಿದ್ದರು. ಎಲ್ಲರ ಸಹಿ ಇಲ್ಲದೆ ಪಾಲುಪಟ್ಟಿ ನಿಲ್ಲುವುದಿಲ್ಲ ಅಂತ ಪಂಚಾಯ್ತಿದಾರರು ಪದೇ ಪದೇ ಹೇಳುತ್ತಿದ್ದದ್ದು ನನ್ನ ಕಿವಿಯಲ್ಲಿದೆ. ಆಮೇಲೆ ಜಗಳಗಳು ಆದವು, ಇಲ್ಲ ಅಂತ ಅಲ್ಲ. ಆದರೆ ಯಾರ ತೆಂಗೂ ಒಣಗಲಿಲ್ಲ.

ಶೆಲ್ಬಿ ಕೌಂಟಿಯ ಪಾಲಿನಲ್ಲೂ ಒಂದು ಬಾವಿ ಇತ್ತು. ಜರ್ಮನ್‌ಟೌನ್ ಹೆಸರು ಹೊತ್ತ ಮೂರು ಶಾಲೆಗಳು. ಎಲಿಮೆಂಟರಿ, ಮಿಡಲ್, ಹೈಸ್ಕೂಲ್. ಇಲ್ಲಿನವರು ಮೂರು 'ಜಿ'ಗಳು ಅನ್ನುತ್ತಾರೆ. ಕಟ್ಟಡ ಇರುವುದು ಜರ್ಮನ್‌ಟೌನ್ ಊರಿನೊಳಗೆ. ಆದರೆ ಅಲ್ಲಿ ಓದುತ್ತಿದ್ದ ಹೆಚ್ಚಿನ ಮಕ್ಕಳು ಊರಿನ ಹೊರಗಿನವರು, ಕಾರ್ಡೋವಾ ಕಡೆಯವರು. ಆ ಶಾಲೆಗಳನ್ನು ಊರಿಗೆ ಕೊಟ್ಟರೆ ಈ ಮಕ್ಕಳೆಲ್ಲ ಎಲ್ಲಿಗೆ ಹೋಗಬೇಕು? ಹಾಗಾಗಿ ಕೌಂಟಿ ಅವುಗಳನ್ನು ಇಟ್ಟುಕೊಂಡಿತು. ಉಳಿದ ಬಹುಪಾಲು ಕಟ್ಟಡಗಳು ಊರುಗಳಿಗೆ ಹೋದವು. ಬದಲಿಗೆ ಆ ಊರುಗಳು ಹನ್ನೆರಡು ವರ್ಷದ ಕಂತಿನಲ್ಲಿ ಕೌಂಟಿ ಡಿಸ್ಟ್ರಿಕ್ಟ್‌ಗೆ ಹಣ ಕಟ್ಟಬೇಕು ಅಂತ ಒಪ್ಪಂದವಾಯಿತು. ಕಟ್ಟಡಗಳ ಬೆಲೆಗೆ ಹೋಲಿಸಿದರೆ ಅದು ತೀರ ಕಡಿಮೆ. ಬೇರ್ಪಡುವುದರಿಂದ ಬಣ್ಣದ ಗೋಡೆ ಮತ್ತೆ ಏಳುತ್ತದೆ ಅಂತ ಕೌಂಟಿ ಕಮಿಷನ್, ಅಂದರೆ ಕೌಂಟಿಯ ಚುನಾಯಿತ ಆಡಳಿತ ಮಂಡಳಿ, ಹೂಡಿದ್ದ ದಾವೆ ಆ ಒಪ್ಪಂದಗಳ ಜೊತೆಗೇ ಮುಗಿದುಹೋಯಿತು. ಆ ಪ್ರಶ್ನೆಗೆ ಕೋರ್ಟಿನಲ್ಲಿ ಉತ್ತರ ಬರಲೇ ಇಲ್ಲ.

2014ರ ಆಗಸ್ಟ್‌ನಲ್ಲಿ ಆರು ಹೊಸ ಡಿಸ್ಟ್ರಿಕ್ಟ್‌ಗಳು ಬಾಗಿಲು ತೆರೆದವು. ಜರ್ಮನ್‌ಟೌನ್ ಊರಿನೊಳಗೆ ಈಗ ಎರಡು ಹೈಸ್ಕೂಲ್. ಊರಿನ ಮಕ್ಕಳಿಗೆ ಹ್ಯೂಸ್ಟನ್ ಹೈಸ್ಕೂಲ್. ಊರಿನ ಹೆಸರೇ ಹೊತ್ತ ಇನ್ನೊಂದು, ಊರಿನದ್ದಲ್ಲದ ಮಕ್ಕಳಿಗೆ.

ಹೊಸ ಡಿಸ್ಟ್ರಿಕ್ಟ್‌ಗಳು ಚೆನ್ನಾಗಿ ನಡೆದವು. ಇದನ್ನು ನಾನು ಮುಚ್ಚಿಡುವುದಿಲ್ಲ. ಊರಿನವರು ಮಾರಾಟ ತೆರಿಗೆ ಏರಿಸಿಕೊಂಡರು, ಕೆಲವು ಕಡೆ ಆಸ್ತಿ ತೆರಿಗೆಯನ್ನೂ. ಕಾಲಿಯರ್‌ವಿಲ್‌ನವರು 9 ಕೋಟಿ ಡಾಲರ್‌ಗೂ ಹೆಚ್ಚು ಖರ್ಚು ಮಾಡಿ ಹೊಸ ಹೈಸ್ಕೂಲ್ ಕಟ್ಟಿದರು. 2018ರಲ್ಲಿ ತೆರೆಯಿತು. ನೋಡಿದರೆ ವಿಮಾನ ನಿಲ್ದಾಣದ ಹಾಗಿದೆ. ತಮ್ಮ ಶಾಲೆಗೆ ತಾವೇ ತೆರಿಗೆ ಹೆಚ್ಚಿಸಿಕೊಳ್ಳುವ ಜನರ ಮೇಲೆ ನನಗೆ ಗೌರವವಿದೆ. ಶಾಲೆಗೆ ಅಂತ ಹಣ ಕೇಳಿದರೆ ಮುಖ ತಿರುಗಿಸುವ ಊರುಗಳನ್ನೂ ನಾನು ನೋಡಿದ್ದೇನೆ.

ಇನ್ನು ನನ್ನ ಮಾತು.

2015ರ ಬೇಸಿಗೆಯಲ್ಲಿ ನಾವು ಮನೆ ಬದಲಾಯಿಸಿದೆವು. ಆರು ಊರುಗಳಲ್ಲಿ ಒಂದಕ್ಕೆ. ಹಳೆಯ ಶಾಲೆಯಲ್ಲಿ ಮಗಳಿಗೆ ಯಾವ ತೊಂದರೆಯೂ ಆಗಿರಲಿಲ್ಲ. ಅವಳ ಮೇಡಂ ಬಂಗಾರದಂಥವರು. ಆದರೂ ಹೊರಟೆವು. ಯಾಕೆ ಅಂದರೆ ಎಲ್ಲರೂ ಹೊರಟಿದ್ದರು. ವಾರಕ್ಕೊಂದು ಭಾರತೀಯ ಮನೆಯವರು, "ನೀವು ಯಾವಾಗ ಆ ಕಡೆ ಬರ್ತೀರಾ?" ಅಂತ ಕೇಳುತ್ತಿದ್ದರು. ಮನೆ ಮಾರುವ ವೆಬ್‌ಸೈಟಿನಲ್ಲಿ ಪ್ರತಿ ಮನೆಯ ಕೆಳಗೆ ಶಾಲೆಗೆ ಹತ್ತಕ್ಕೆ ಇಷ್ಟು ಅಂತ ಅಂಕ ಇರುತ್ತದೆ. ನಾನು ಮೇಷ್ಟ್ರ ಮಗಳು. ಪರೀಕ್ಷೆಯ ಅಂಕ ಮಗುವಿನ ಮನೆಯ ಸ್ಥಿತಿಯನ್ನೇ ಜಾಸ್ತಿ ಹೇಳುತ್ತದೆ, ಮೇಷ್ಟ್ರ ಕೆಲಸವನ್ನಲ್ಲ ಅಂತ ಅಪ್ಪ ಸಾವಿರ ಸಲ ಹೇಳಿದ್ದನ್ನು ಕೇಳಿ ಬೆಳೆದವಳು. ಅಂಥವಳು ರಾತ್ರಿ ಹನ್ನೊಂದರವರೆಗೆ ಕೂತು ಆ ಅಂಕಗಳನ್ನು ಹೋಲಿಸಿದೆ.

ಮನೆ ಖಾಲಿ ಮಾಡುವ ದಿನ ಅಜ್ಜಿ ಒಂದು ಕೇಕು ಮಾಡಿ ತಂದರು. "ಶಾಲೆಗೋಸ್ಕರ ತಾನೇ?" ಅಂದರು. ನಾನು ಹೌದು ಅಂದೆ. "ಮಗುವಿಗೆ ಒಳ್ಳೇದಾಗಲಿ" ಅಂದರು. ನಿಜವಾದ ಮನಸ್ಸಿನಿಂದಲೇ ಅಂದದ್ದು. 1974ರಲ್ಲಿ ಅವರ ಕ್ಲಾಸು ಖಾಲಿಯಾದಾಗ ಹೋದವರು ಬಿಳಿಯರು. 2015ರಲ್ಲಿ ಅವರ ಮೊಮ್ಮಗಳ ಕ್ಲಾಸಿನಿಂದ ಹೋದವಳು ನನ್ನ ಮಗಳು. ಇದು ನನಗೆ ಹೊಳೆದದ್ದು ಹೊಸ ಮನೆಗೆ ಹೋಗುವ ದಾರಿಯಲ್ಲಿ, ಕೇಕಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಗ.

ಮಕ್ಕಳಿಬ್ಬರೂ ಒಂದು ವರ್ಷ ಹುಟ್ಟುಹಬ್ಬಕ್ಕೆ ಬಂದು ಹೋಗಿ ಮಾಡಿದರು. ಆಮೇಲೆ ನಿಂತಿತು. ಇಪ್ಪತ್ತು ನಿಮಿಷದ ದಾರಿ ಅಷ್ಟೇ. ಒಂದೇ ಬಸ್ ಸ್ಟಾಪು ಇಲ್ಲದಿದ್ದರೆ ಮಕ್ಕಳ ಸ್ನೇಹಕ್ಕೆ ಇಪ್ಪತ್ತು ನಿಮಿಷವೂ ದೂರವೇ.

ಇದು ನಮ್ಮೊಬ್ಬರ ಕಥೆ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಅಮೆರಿಕದ ಸಂಸತ್ತಿಗೆ ಲೆಕ್ಕ ತಪಾಸಣೆ ಮಾಡಿಕೊಡುವ ಸರ್ಕಾರಿ ಸಂಸ್ಥೆ 2022ರಲ್ಲಿ ಒಂದು ವರದಿ ಕೊಟ್ಟಿತು. ಹತ್ತು ವರ್ಷಗಳಲ್ಲಿ ಏಳು ರಾಜ್ಯಗಳಲ್ಲಿ 36 ಸಲ ಹೀಗೆ ಡಿಸ್ಟ್ರಿಕ್ಟ್‌ಗಳು ಒಡೆದಿವೆ. ಬಿಟ್ಟುಬಂದ ಹೊಸ ಡಿಸ್ಟ್ರಿಕ್ಟ್‌ಗಳಲ್ಲಿ ಬಿಳಿಯ ಮಕ್ಕಳ ಪಾಲು ಹಳೆಯದರ ಸುಮಾರು ಮೂರು ಪಟ್ಟು. ಏಷ್ಯಾ ಮೂಲದ ಮಕ್ಕಳ ಪಾಲು ಸುಮಾರು ಎರಡು ಪಟ್ಟು. ಆ ಎರಡನೇ ಸಾಲನ್ನು ಓದಿದಾಗ ನನ್ನ ಮಗಳನ್ನೇ ಯಾರೋ ಎಣಿಸಿದ ಹಾಗಾಯಿತು.

ಅಲಬಾಮಾದ ಗಾರ್ಡನ್‌ಡೇಲ್ ಅನ್ನುವ ಊರಿನ ಕಥೆ ಬೇರೆಯಾಗಿ ಮುಗಿಯಿತು. ಅಲ್ಲಿಯೂ ಊರಿನವರು ಕೌಂಟಿಯಿಂದ ಬೇರೆಯಾಗಲು ಹೊರಟಿದ್ದರು. ಆದರೆ ಶಾಲೆಗಳಲ್ಲಿ ಕಪ್ಪು, ಬಿಳಿಯ ಮಕ್ಕಳನ್ನು ಬೇರ್ಪಡಿಸಬಾರದು ಅಂತ 1965ರ ಒಂದು ಮೊಕದ್ದಮೆಯ ಆದೇಶ ಆ ಕೌಂಟಿಯ ಮೇಲೆ ಇನ್ನೂ ಜೀವಂತವಾಗಿತ್ತು. ಹಾಗಾಗಿ ಕೋರ್ಟಿನ ಒಪ್ಪಿಗೆ ಬೇಕಿತ್ತು. 2018ರಲ್ಲಿ ಮೇಲ್ಮನವಿ ನ್ಯಾಯಾಲಯ ಬೇಡ ಅಂದಿತು. ಈ ಬೇರ್ಪಡುವಿಕೆಯ ಹಿಂದೆ ಬಣ್ಣದ ಉದ್ದೇಶವಿತ್ತು ಅಂತ ಕೆಳಗಿನ ಕೋರ್ಟು ಕಂಡುಕೊಂಡದ್ದನ್ನು ಅದು ಎತ್ತಿಹಿಡಿಯಿತು. ಎರಡೂ ಕಡೆಯವರ ಮಾತು ಕೇಳಬೇಕಾದ ಒಬ್ಬರು ಮಧ್ಯದಲ್ಲಿದ್ದರೆ ಎಷ್ಟು ವ್ಯತ್ಯಾಸವಾಗುತ್ತದೆ ನೋಡಿ. ಶೆಲ್ಬಿಯಲ್ಲಿ ಅಂಥ ಪಂಚಾಯ್ತಿದಾರರು ಇರಲಿಲ್ಲ. ಸೇರುವವರು ಒಬ್ಬರೇ ಸಹಿ ಹಾಕಿದರು, ಬಿಡುವವರು ತಾವೇ ಸಹಿ ಹಾಕಿದರು.

ನನಗೆ ಇದರಲ್ಲಿ ತಪ್ಪು ಅನ್ನಿಸುವುದು ಅದೇ. ಒಂದು ಊರಿಗೆ ತನ್ನ ಶಾಲೆಯನ್ನು ತಾನೇ ನಡೆಸಬೇಕು ಅನ್ನಿಸುವುದು ತಪ್ಪಲ್ಲ. ನಮ್ಮ ಊರಿನ ಶಾಲೆಗೆ ಎಸ್‌ಡಿಎಂಸಿ ಇರಬೇಕು, ಅದರಲ್ಲಿ ತಂದೆ ತಾಯಂದಿರು ಕೂರಬೇಕು ಅಂತ ಅಪ್ಪ ಎಷ್ಟು ಓಡಾಡಿದರು ಅಂತ ನನಗೆ ಗೊತ್ತು. ಆದರೆ ಶಾಲೆ ನಡೆಸುವ ಹಕ್ಕು ಬೇರೆ. ಪಕ್ಕದ ಮಗು ಇನ್ನು ನಮ್ಮದಲ್ಲ ಅಂತ ಹೇಳುವ ಹಕ್ಕು ಬೇರೆ. ಮೊದಲನೆಯದಕ್ಕೆ ಊರಿನ ಓಟು ಸಾಕು. ಎರಡನೆಯದಕ್ಕೆ ಆ ಮಗುವಿನ ಮನೆಯವರನ್ನೂ ಕೇಳಬೇಕು.

ನಮ್ಮ ಕಡೆ ಇದು ಇಲ್ಲವೇ ಅಂತ ನೀವು ಕೇಳಬಹುದು. ಇದೆ. ಅಪ್ಪ ಕೊನೆಯ ಎಂಟು ವರ್ಷ ಪಾಠ ಹೇಳಿದ ಶಾಲೆಯ ಮುಂದೆಯೇ ಬೆಳಗ್ಗೆ ಎಂಟಕ್ಕೆ ಕಾನ್ವೆಂಟಿನ ವ್ಯಾನುಗಳು ನಿಲ್ಲುತ್ತವೆ. ಫೀಸು ಕಟ್ಟಲು ಆಗುವ ಮನೆಯ ಮಕ್ಕಳು ಹತ್ತುತ್ತಾರೆ. ಆಗದ ಮನೆಯವರು ಗೇಟಿನೊಳಗೆ ಹೋಗುತ್ತಾರೆ. ಯಾವ ಕಾನೂನೂ ಬೇಕಾಗಲಿಲ್ಲ, ಓಟೂ ಬೇಕಾಗಲಿಲ್ಲ. ಮೇಷ್ಟ್ರ ಮಕ್ಕಳೇ ವ್ಯಾನು ಹತ್ತುತ್ತಾರೆ ಅಂತ ಅಪ್ಪನಿಗೆ ತುಂಬ ನೋವಿತ್ತು. ಆ ನೋವಿನ ಬೆಲೆ ನನಗೆ ಗೊತ್ತಾದದ್ದು ಹದಿನೈದು ಸಾವಿರ ಕಿಲೋಮೀಟರ್ ದೂರದಲ್ಲಿ.

2022ರಲ್ಲಿ ರಾಜ್ಯದ ಶಾಸನಸಭೆ ಮತ್ತೆ ಒಂದು ಕಾನೂನು ಮಾಡಿತು. ಒಂದು ಡಿಸ್ಟ್ರಿಕ್ಟ್ ಇನ್ನೊಂದರ ಊರಿನೊಳಗೆ ಶಾಲೆ ನಡೆಸುವಂತಿಲ್ಲ ಅನ್ನುವುದು ಅದರ ಸಾರ. ಆ ಹೊತ್ತಿಗೆ ಹಳೆಯ ಡಿಸ್ಟ್ರಿಕ್ಟ್ ತನ್ನ ಹೆಸರನ್ನು ಮೆಂಫಿಸ್-ಶೆಲ್ಬಿ ಕೌಂಟಿ ಸ್ಕೂಲ್ಸ್ ಅಂತ ಬದಲಿಸಿಕೊಂಡಿತ್ತು. ವರ್ಷದ ಕೊನೆಗೆ ಒಪ್ಪಂದವಾಯಿತು. ಎಲಿಮೆಂಟರಿ, ಮಿಡಲ್ ಕಟ್ಟಡಗಳು ಹಂತ ಹಂತವಾಗಿ ಜರ್ಮನ್‌ಟೌನ್‌ಗೆ. ಹೈಸ್ಕೂಲಿನ ಜಾಗ ಮಾರಾಟಕ್ಕೆ. ಅಲ್ಲಿನ ಮಕ್ಕಳಿಗೆ ಕಾರ್ಡೋವಾದಲ್ಲಿ ಹೊಸ ಹೈಸ್ಕೂಲ್. ಬಾವಿಯೂ ಪಾಲಾಯಿತು. ಅಪ್ಪನಿಗೆ ಹೇಳಿದೆ. "ಹೊಸ ಬಾವಿಯಲ್ಲಿ ನೀರು ಬರೋವರೆಗೂ ಹಳೇದನ್ನ ಮುಚ್ಚಬಾರದು ಕಣಮ್ಮ" ಅಂದರು.

ನನ್ನ ಮಗಳು 2024ರಲ್ಲಿ ಹೈಸ್ಕೂಲ್ ಮುಗಿಸಿದಳು. ಅವಳಿಗೆ ಎಲ್ಲ ಸಿಕ್ಕಿತು. ಒಳ್ಳೆಯ ಲ್ಯಾಬು, ಒಳ್ಳೆಯ ಮೇಷ್ಟ್ರು, ಆರ್ಕೆಸ್ಟ್ರಾ. ಅವಳು ಕ್ಲಾರಿನೆಟ್ ಆರಿಸಿಕೊಂಡಳು, ನಾನು ಹೇಳದೆಯೇ. ಮೊದಲ ಕಾರ್ಯಕ್ರಮದ ದಿನ ಅಜ್ಜಿಗೆ ಫೋನ್ ಮಾಡಿದೆ. ಬಂದರು. ಮೂರನೇ ಸಾಲಿನಲ್ಲಿ ನನ್ನ ಪಕ್ಕ ಕೂತು ಕೊನೆಯವರೆಗೂ ಕೇಳಿದರು. ಹೊರಗೆ ಬಂದ ಮೇಲೆ, ಮೊಮ್ಮಗಳ ಶಾಲೆಯಲ್ಲಿ ಬ್ಯಾಂಡಿದೆ, ಆದರೆ ವಾದ್ಯಗಳು ಎಲ್ಲರಿಗೂ ಸಾಲುವುದಿಲ್ಲ ಅಂದರು. ದೂರು ಹೇಳಿದ ಹಾಗಲ್ಲ, ಸುಮ್ನೆ ಮಾತಿಗೆ. ನಾವು ಮನೆಯಲ್ಲಿದ್ದ ಹಳೆಯ ಕ್ಲಾರಿನೆಟ್ ರಿಪೇರಿ ಮಾಡಿಸಿ ಕೊಟ್ಟೆವು. ಒಂದು ವಾದ್ಯ. ಅದರಿಂದ ಏನಾಗುತ್ತದೆ ಅಂತ ನನಗೂ ಗೊತ್ತು.

ಹೋದ ವಾರ ಬೆಂಗಳೂರಿನಿಂದ ಒಬ್ಬ ಹುಡುಗಿ ಫೋನ್ ಮಾಡಿದ್ದಳು. ಗಂಡನಿಗೆ ಇಲ್ಲಿ ಕೆಲಸ ಸಿಕ್ಕಿದೆ, ಮಗ ಒಂದನೇ ಕ್ಲಾಸಿಗೆ. ಬಂದು ಒಂದು ತಿಂಗಳು ಹೋಟೆಲಿನಲ್ಲಿದ್ದು ಮನೆ ಹುಡುಕುತ್ತಾರಂತೆ. "ಅಕ್ಕಾ, ಶಾಲೆಗೆ ಯಾವ ಏರಿಯಾ ಒಳ್ಳೇದು?" ಇಂಥ ಫೋನ್ ವರ್ಷಕ್ಕೆ ನಾಲ್ಕೈದು ಬರುತ್ತದೆ. ಇಷ್ಟು ವರ್ಷ ನಾನು ಎರಡು ಪಿನ್‌ಕೋಡ್ ಹೇಳಿ ಫೋನ್ ಇಡುತ್ತಿದ್ದೆ. ಈ ಸಲ ಹೇಳಲಿಲ್ಲ. ಮೊದಲು ಬನ್ನಿ, ಗೆರೆಯ ಈ ಕಡೆಯ ಒಂದು ಶಾಲೆ, ಆ ಕಡೆಯ ಒಂದು ಶಾಲೆ, ಎರಡಕ್ಕೂ ಹೋಗಿ ಒಂದೊಂದು ಗಂಟೆ ಕೂತು ಬರೋಣ ಅಂದೆ. ಊಟದ ಹೊತ್ತಿಗೇ ಹೋಗೋಣ, ಮಕ್ಕಳೆಲ್ಲ ಒಟ್ಟಿಗೆ ಇರುತ್ತಾರೆ. ಅವಳು ಸ್ವಲ್ಪ ಯೋಚಿಸಿ, "ಆಯ್ತಕ್ಕ, ನೀವೂ ಬರ್ತೀರಲ್ವಾ?" ಅಂದಳು. ಬರುತ್ತೇನೆ ಅಂದಿದ್ದೇನೆ. ಆ ಕಡೆಯ ಶಾಲೆಗೆ ನಮ್ಮ ಜೊತೆ ಅಜ್ಜಿಯೂ ಬರುತ್ತಾರೆ.